ಕಾಣದ ಗಾಯಕ್ಕೊಂದು ರೇಖಾನಕ್ಷೆ

ಎಳ್ಳಮವಾಸಿ ಸಮೀಪಿಸುತ್ತಿದ್ದಂತೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಕರಿನೆಲದಲ್ಲಿ ತೊಗರಿಯ ರಾಶಿ ಬಿರುಸಾಗುತ್ತದೆ. ಟ್ರ್ಯಾಕ್ಟರಿಗೆ ಜೋಡಿಸಿದ ರಾಶಿ ಯಂತ್ರ ಬೆಳಗಿನಿಂದ ಸಂಜೆಯವರೆಗೆ ಮೊರೆಯುತ್ತಿರುತ್ತದೆ. ಕಟ್ಟು ಎತ್ತಿ ಕೊಡುವವರು, ಯಂತ್ರದ ಬಾಯಿಗೆ ಹಾಕುವವರು, ಹೊಟ್ಟು ಸರಿಸುವವರು ಕೈಸನ್ನೆಯಲ್ಲೇ ಮಾತಾಡಿಕೊಳ್ಳುತ್ತಾರೆ. ಸಂಜೆ ಯಂತ್ರ ನಿಂತ ಮೇಲೂ ಕಿವಿಯೊಳಗೆ ಗುಂಯ್ ಎನ್ನುವ ಸದ್ದು ಉಳಿದಿರುತ್ತದೆ. ಮರುದಿನ ಬೆಳಗಾಗುವಷ್ಟರಲ್ಲಿ ಅದು ಅಡಗುತ್ತದೆ, ಜನ ಮರೆಯುತ್ತಾರೆ. ಆದರೆ ಸದ್ದು ಅಡಗಿದ ಮಾತ್ರಕ್ಕೆ ಕಿವಿ ಮೊದಲಿನಂತಾಯಿತು ಎಂದು ಹೇಳಲಾಗದು.

ರಾಶಿ ಯಂತ್ರದ ಅಪಾಯ ಸರ್ಕಾರಕ್ಕೆ ತಿಳಿಯದ್ದೇನಲ್ಲ. ಯಂತ್ರಕ್ಕೆ ಸಿಕ್ಕಿ ಕೈ ಕಳೆದುಕೊಂಡವರ ಸಂಖ್ಯೆ ದೇಶದಲ್ಲಿ ಹೆಚ್ಚಿದಾಗ, 1983ರಲ್ಲಿ ಸಂಸತ್ತು ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನು ತಂದಿತು. ತುಂಡಾದ ಕೈ ಎಲ್ಲರ ಕಣ್ಣಿಗೂ ಕಾಣುತ್ತದೆ. ಕಿವಿಗೆ ಆಗುವ ಗಾಯದಲ್ಲಿ ರಕ್ತವಿಲ್ಲ, ನೋವೂ ಇಲ್ಲ. ಗಾಯಗೊಂಡವನಿಗೇ ಅದು ಗೊತ್ತಾಗುವುದಿಲ್ಲ. ಈ ಕಾಣದ ಗಾಯವನ್ನು ಕಾಗದದ ಮೇಲೆ ಗೆರೆಯಾಗಿ ಕಾಣಿಸಲು ಮನುಷ್ಯನಿಗೆ ಎರಡು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಕಸುಬಿನಿಂದ ಕಿವುಡು ಬರುತ್ತದೆಂಬ ಮಾತು ಹಳೆಯದು. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಝಿನಿ 18ನೇ ಶತಮಾನದ ಆರಂಭದಲ್ಲಿಯೇ, ದಿನವಿಡೀ ತಾಮ್ರ ಬಡಿಯುವ ಕಂಚುಗಾರರ ಕಿವಿ ಕೆಡುವುದನ್ನು ಬರೆದಿಟ್ಟಿದ್ದ. ಆದರೆ ಎಷ್ಟು ಕೆಟ್ಟಿದೆ ಎಂದು ಹೇಳಲು ಅವನ ಬಳಿ ಅಳತೆಗೋಲಿರಲಿಲ್ಲ. 1886ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ವೈದ್ಯ ಥಾಮಸ್ ಬಾರ್ ಒಂದು ಸರಳ ಉಪಾಯ ಹೂಡಿದ. ಜೇಬುಗಡಿಯಾರದ ಟಿಕ್ ಟಿಕ್ ಸದ್ದು ಎಷ್ಟು ದೂರದವರೆಗೆ ಕೇಳಿಸುತ್ತದೆ ಎಂಬುದನ್ನೇ ಅಳತೆಯಾಗಿಸಿಕೊಂಡು, ಬಾಯ್ಲರ್ ತಯಾರಿಸುವ ಕೆಲಸಗಾರರನ್ನೂ ಅಂಚೆ ಹಂಚುವವರನ್ನೂ ಹೋಲಿಸಿ ನೋಡಿದ. ಬಾಯ್ಲರ್ ಕೆಲಸಗಾರರು ಬಹಳ ಹಿಂದೆ ಬಿದ್ದಿದ್ದರು. ಕಿವುಡು ಕೇವಲ ವಯಸ್ಸಿನ ಫಲವಲ್ಲ, ಕೆಲಸದ ಫಲವೂ ಹೌದೆಂಬುದು ಅಂಕಿಗಳಲ್ಲಿ ಕಂಡಿತು.

ಶಬ್ದವನ್ನೇ ಅಳೆಯುವ ಮಾನ ಬಂದದ್ದು 1920ರ ದಶಕದಲ್ಲಿ, ಅಮೆರಿಕದ ಬೆಲ್ ದೂರವಾಣಿ ಸಂಸ್ಥೆಯಿಂದ. ದೂರವಾಣಿಯನ್ನು ರೂಪಿಸಿದ ಅಲೆಕ್ಸಾಂಡರ್ ಗ್ರಹಾಂ ಬೆಲ್‌ನ ನೆನಪಿಗೆ ಅದನ್ನು 'ಡೆಸಿಬಲ್' ಎಂದು ಕರೆಯಲಾಯಿತು. ಈ ಮಾನ ನಮ್ಮ ಸೇರು, ಕೆ.ಜಿ.ಗಳಂತಲ್ಲ. ಇದರಲ್ಲಿ 10 ಹೆಚ್ಚಾದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ.

ಅಫಜಲಪುರದ ನೆರೆಯ ವಿಜಯಪುರ ಜಿಲ್ಲೆಯ ಗೋಳಗುಮ್ಮಟವನ್ನು ನೋಡಿದವರಿಗೆ ಇದನ್ನು ತಿಳಿಯುವುದು ಸುಲಭ. ಅಲ್ಲಿನ ಪಿಸುಮಾತಿನ ಮೊಗಸಾಲೆಯಲ್ಲಿ ಒಂದು ಬದಿಯ ಪಿಸುನುಡಿ ಎದುರು ಬದಿಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಸರ್ ಸಿ.ವಿ. ರಾಮನ್ ಅವರೂ 1920ರ ದಶಕದಲ್ಲಿ ಈ ವಿಸ್ಮಯವನ್ನು ಅಭ್ಯಸಿಸಿದ್ದರು. ಪಿಸುಮಾತಿನ ಪ್ರಮಾಣ ಸುಮಾರು 30 ಡೆಸಿಬಲ್. ಸಾಮಾನ್ಯ ಸಂಭಾಷಣೆಯದು 60, ಅಂದರೆ ಪಿಸುಮಾತಿನ ಸಾವಿರ ಪಟ್ಟು ಶಕ್ತಿ. ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನ ಚಾಲಕನ ಕಿವಿಯ ಬಳಿ ಶಬ್ದ 90 ದಾಟುವುದು ಸಾಮಾನ್ಯ. ಅದು ಪಿಸುಮಾತಿನ ಹತ್ತು ಲಕ್ಷ ಪಟ್ಟು! ಪಿಸುಮಾತನ್ನು ಹಿಡಿಯುವ ಕಿವಿಯೇ ಈ ಹೊಡೆತವನ್ನೂ ತಾಳಬೇಕು.

ಮುಂದಿನ ಹೆಜ್ಜೆ ರೇಖಾನಕ್ಷೆಯದು. 1933ರಲ್ಲಿ ಫ್ಲೆಚರ್ ಮತ್ತು ಮನ್ಸನ್ ಎಂಬ ಬೆಲ್ ಪ್ರಯೋಗಾಲಯದ ವಿಜ್ಞಾನಿಗಳು, ಕಿವಿ ಎಲ್ಲ ಸ್ವರಗಳನ್ನೂ ಒಂದೇ ಸಮನಾಗಿ ಗ್ರಹಿಸುವುದಿಲ್ಲವೆಂದು ವಕ್ರರೇಖೆಗಳ ಮೂಲಕ ತೋರಿಸಿದರು. ಕಿವಿ ಅತಿ ಚುರುಕಾಗಿರುವುದು 3,000ದಿಂದ 4,000 ಹರ್ಟ್ಸ್‌ನ ಎತ್ತರದ ಸ್ವರಗಳಲ್ಲಿ. ಗದ್ದಲದ ಏಟು ಮೊದಲು ಬೀಳುವುದೂ ಹೆಚ್ಚುಕಡಿಮೆ ಅಲ್ಲಿಯೇ.

ವೈದ್ಯರು ಇಂದು 'ಆಡಿಯೋಗ್ರಾಂ' ಎನ್ನುವ ನಕ್ಷೆಯಲ್ಲಿ ಇದು ಎದ್ದು ಕಾಣುತ್ತದೆ. ಅಡ್ಡಗೆರೆಯಲ್ಲಿ ಎಡದಿಂದ ಬಲಕ್ಕೆ ತಗ್ಗು ಸ್ವರದಿಂದ ಎತ್ತರದ ಸ್ವರಗಳು, ಉದ್ದಗೆರೆಯಲ್ಲಿ ಮೇಲಿನಿಂದ ಕೆಳಕ್ಕೆ ಡೆಸಿಬಲ್. ಆರೋಗ್ಯವಂತ ಕಿವಿಯ ಗೆರೆ ಮೇಲ್ಭಾಗದಲ್ಲಿ ಸಮತಟ್ಟಾಗಿ ಸಾಗುತ್ತದೆ. ಗದ್ದಲಕ್ಕೆ ಸಿಕ್ಕ ಕಿವಿಯ ಗೆರೆ 4,000 ಹರ್ಟ್ಸ್ ಬಳಿ ತಟ್ಟನೆ ಬಾವಿಯಂತೆ ಕುಸಿದು, ಮತ್ತೆ ಮೇಲೇಳುತ್ತದೆ. ವರ್ಷಗಳು ಉರುಳಿದಂತೆ ಈ ಬಾವಿ ಅಗಲವಾಗುತ್ತಾ ಮಾತಿನ ಸ್ವರಗಳನ್ನು ಮುಟ್ಟುತ್ತದೆ. ಸ್ವರಾಕ್ಷರಗಳು ಕೇಳಿಸುತ್ತವೆ, ವ್ಯಂಜನಗಳು ಜಾರುತ್ತವೆ. 'ಕಾಯಿ', 'ತಾಯಿ' ಎರಡೂ ಒಂದೇ ಎನಿಸುತ್ತದೆ. 'ಕೇಳಸ್ತದ, ಖರೆ ತಿಳೀವಲ್ದು' ಎಂದು ಹಿರಿಯರು ಹೇಳುವ ಮಾತಿನ ಹಿಂದೆ ಇರುವುದು ಬಹುಮಟ್ಟಿಗೆ ಇದೇ ಕಾರಣ. ಒಳಗಿವಿಯಲ್ಲಿ ಸದ್ದನ್ನು ಗ್ರಹಿಸುವ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಮಾತು ಜಾರಲು ಶುರುವಾದ ಮೇಲೆ ಎಚ್ಚರಗೊಂಡರೆ ತಡವಾಗಿರುತ್ತದೆ. ನಕ್ಷೆ ಮಾತ್ರ ವರ್ಷಗಳ ಮುಂಚೆಯೇ ಎಚ್ಚರಿಸುತ್ತದೆ.

ಇನ್ನೊಂದು ನಕ್ಷೆ ಕೆಲಸದ ಅವಧಿಯದು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬಲ್ ಶಬ್ದದಲ್ಲಿ ದಿನಕ್ಕೆ 8 ತಾಸು ಇರಬಹುದು. ಅನಂತರ 3 ಡೆಸಿಬಲ್ ಏರಿದಂತೆಲ್ಲ ಅವಧಿ ಅರ್ಧವಾಗುತ್ತದೆ: 88ಕ್ಕೆ 4 ತಾಸು, 91ಕ್ಕೆ 2 ತಾಸು, 94ಕ್ಕೆ 1 ತಾಸು, 100ಕ್ಕೆ ಬರೀ 15 ನಿಮಿಷ. ಈ ಬಿಂದುಗಳನ್ನು ಜೋಡಿಸಿದರೆ ಗೆರೆ ಕಡಿದಾದ ಗುಡ್ಡದಂತೆ ಇಳಿಯುತ್ತದೆ. ದಿನವಿಡೀ ರಾಶಿ ಮಾಡುವವರು ಎಲ್ಲಿ ನಿಂತಿದ್ದಾರೆ ಎಂಬುದು ಆಗ ತಾನಾಗಿ ಹೊಳೆಯುತ್ತದೆ.

ಕಾನೂನು ಇದನ್ನು ಕಂಡಿಲ್ಲವೆಂದಲ್ಲ. 1948ರ ಕಾರ್ಖಾನೆ ಕಾಯ್ದೆಯಡಿಯ ರೋಗಪಟ್ಟಿಯಲ್ಲಿ ಶಬ್ದದಿಂದ ಬರುವ ಶ್ರವಣನಷ್ಟ ಸೇರಿತ್ತು. ಆದರೆ ಹೊಲದ ರಾಶಿಯಾಗಲಿ, ಇಬ್ಬರು ಮೂವರು ದುಡಿಯುವ ಊರಿನ ಹಿಟ್ಟಿನ ಗಿರಣಿಯಾಗಲಿ ಆ ಕಾಯ್ದೆಯ ಅರ್ಥದಲ್ಲಿ ಕಾರ್ಖಾನೆಯಲ್ಲ. ಧ್ವನಿವರ್ಧಕಗಳ ಮಟ್ಟಿಗೆ 2000ದ ಶಬ್ದಮಾಲಿನ್ಯ ನಿಯಮಗಳಿವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಜಾತ್ರೆ, ಉರುಸು, ಮದುವೆ ಮೆರವಣಿಗೆಗಳಲ್ಲಿ ಹಲಗೆ, ಡೊಳ್ಳಿನ ಪಕ್ಕಕ್ಕೆ ಈಗ ಡಿಜೆ ಪೆಟ್ಟಿಗೆಗಳೂ ಬಂದಿವೆ. ಹಲಗೆ ಬಡಿಯುವವನ ಕೈ ದಣಿದಾಗ ಕಿವಿಗೂ ವಿರಾಮ ಸಿಗುತ್ತಿತ್ತು. ಪೆಟ್ಟಿಗೆಗೆ ದಣಿವಿಲ್ಲ.

ರಕ್ಷಣೆಯ ದಾರಿ ದುಬಾರಿಯದಲ್ಲ. ಹತ್ತಿ ತುರುಕಿಕೊಂಡರೆ ಹೆಚ್ಚೇನೂ ಪ್ರಯೋಜನವಿಲ್ಲ. ಸ್ಪಂಜಿನ ಕಿವಿಬೆಣೆಯನ್ನು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಕಿವಿಯನ್ನು ಮೇಲಕ್ಕೆ ಎಳೆದು ಒಳಗಿಟ್ಟು, ಅದು ಹಿಗ್ಗುವ ತನಕ ಒತ್ತಿ ಹಿಡಿಯಬೇಕು. ಯಂತ್ರದ ಬಾಯಿಯ ಬಳಿ ಒಬ್ಬರೇ ದಿನವಿಡೀ ನಿಲ್ಲದೆ ಪಾಳಿ ಬದಲಿಸಬೇಕು. ಬಯಲಿನಲ್ಲಿ ದೂರ ಎರಡು ಪಟ್ಟಾದರೆ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತದೆ; ಹೊಟ್ಟು ಸರಿಸುವವರು ನಾಲ್ಕು ಹೆಜ್ಜೆ ಹಿಂದೆ ಸರಿದರೂ ಲಾಭವೇ.

ನಕ್ಷೆ ಬರೆಯಲು ವಿಜ್ಞಾನಿಯೇ ಬೇಕೆಂದಿಲ್ಲ. ಹೈಸ್ಕೂಲಿನ ಮಕ್ಕಳು ತಾಸಿಗೊಮ್ಮೆ ಊರ ಅಗಸಿ, ಗಿರಣಿ, ಶಾಲೆಯ ಅಂಗಳಗಳಲ್ಲಿ ಮೊಬೈಲಿನ ಶಬ್ದಮಾಪಕ ಹಿಡಿದು, ಬಂದ ಅಂಕಿಗಳನ್ನು ಚೌಕಳಿ ಹಾಳೆಯ ಮೇಲೆ ಗುರುತಿಸಬಹುದು. ಮೊಬೈಲಿನ ಲೆಕ್ಕ ಕರಾರುವಾಕ್ಕಾಗಿರದು, ಆದರೆ ಯಾವ ಜಾಗದಲ್ಲಿ ಯಾವ ಹೊತ್ತಿಗೆ ಗೆರೆ ಏರುತ್ತದೆ ಎಂಬುದು ಅಷ್ಟರಿಂದಲೇ ತಿಳಿಯುತ್ತದೆ. ಕಿವಿಯ ನಕ್ಷೆಗೆ ಕಿವಿ-ಮೂಗು-ಗಂಟಲು ವೈದ್ಯರಲ್ಲಿಗೆ ಹೋಗಬೇಕು. ನೋವಿಲ್ಲದ ಆ ಪರೀಕ್ಷೆ ಅರ್ಧ ತಾಸಿನೊಳಗೆ ಮುಗಿಯುತ್ತದೆ.

ರಾಶಿ ಮುಗಿದ ಮೇಲೆ ತೊಗರಿಯನ್ನು ತೂಗಿ ಚೀಲದ ಲೆಕ್ಕ ಬರೆದಿಡುವುದು ರೈತನ ರೂಢಿ. ಆ ರಾಶಿಗೆ ದುಡಿದವರ ಕಿವಿಯ ಲೆಕ್ಕವನ್ನೂ ಬರೆದಿಡುವ ಕಾಲ ಬರಬೇಕಾಗಿದೆ.