ಸಲಾಕೆಯ ಮೂರು ರಂಧ್ರಗಳು

ತಿರುವಿನಲ್ಲಿ ಕಾರಿನ ಒಡಲು ಹೊರಬದಿಗೆ ವಾಲುತ್ತದೆ. ಈ ವಾಲುವಿಕೆಯನ್ನು ತಡೆಯಲು ಎಡಬಲ ಚಕ್ರಗಳ ಸಸ್ಪೆನ್ಷನ್‌ಗಳನ್ನು ಜೋಡಿಸುವ ಉಕ್ಕಿನ ಸಲಾಕೆಯೇ ಸ್ವೇ ಬಾರ್. ಕೆನಡಾದ ಸ್ಟೀಫನ್ ಕೋಲ್ಮನ್ 1919ರಲ್ಲಿಯೇ ಇಂಥ ಸಲಾಕೆಗೆ ಪೇಟೆಂಟ್ ಪಡೆದಿದ್ದರು. ಆದರೆ ಅಂದಿನ ಕಾರುಗಳ ಸ್ಪ್ರಿಂಗುಗಳೇ ಬಿರುಸಾಗಿದ್ದುದರಿಂದ ಅದರ ಅಗತ್ಯ ಅಷ್ಟಾಗಿ ಕಾಣಲಿಲ್ಲ. ರೋಲ್ಸ್ ರಾಯ್ಸ್‌ನಿಂದ 1930ರಲ್ಲಿ ಜನರಲ್ ಮೋಟರ್ಸ್‌ಗೆ ಬಂದ ಮಾರಿಸ್ ಆಲಿ ಮುಂಚಕ್ರಗಳ ಸ್ವತಂತ್ರ ಸಸ್ಪೆನ್ಷನ್‌ಗಾಗಿ ಶ್ರಮಿಸಿದರು. 1934ರ ಮಾದರಿಗಳಲ್ಲಿ ಅದು ಬಂದಿತು. ಸ್ಪ್ರಿಂಗುಗಳು ಮೃದುವಾದಂತೆ ಪ್ರಯಾಣ ಹಿತವಾಯಿತು, ವಾಲುವಿಕೆ ಹೆಚ್ಚಿತು, ಸಲಾಕೆಗೆ ಬೆಲೆ ಬಂದಿತು.

ಈ ಸಲಾಕೆ ಹಿಡಿತವನ್ನು ಸೃಷ್ಟಿಸುವುದಿಲ್ಲ, ಹಂಚುತ್ತದೆ ಎಂಬುದನ್ನು ನಾವು ಮರೆಯಬಾರದು. ತಿರುವಿನಲ್ಲಿ ಒಳಚಕ್ರಗಳ ಭಾರ ಹೊರಚಕ್ರಗಳಿಗೆ ಸರಿಯುತ್ತದೆ. ಅದರಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂಬುದನ್ನಷ್ಟೇ ಸಲಾಕೆ ಬದಲಿಸಬಲ್ಲದು. ಟೈರಿನ ಮೇಲಿನ ಭಾರ ಇಮ್ಮಡಿಯಾದರೆ ಹಿಡಿತ ಇಮ್ಮಡಿಯಾಗದು. ಆದ್ದರಿಂದ ಸಲಾಕೆ ಬಿರುಸಾದ ಕಡೆ ಹಿಡಿತ ಕುಗ್ಗುತ್ತದೆ, ಇನ್ನೊಂದು ಕಡೆ ಹಿಗ್ಗುತ್ತದೆ.

ಈ ಲೆಕ್ಕಾಚಾರದ ಗಂಭೀರತೆಯನ್ನು ಷೆವರ್ಲೆ ಕಾರ್ವೇರ್ ತೋರಿಸಿಕೊಟ್ಟಿತು. ಹಿಂಬದಿಯಲ್ಲಿ ಎಂಜಿನ್ ಹೊತ್ತ 1960ರ ಈ ಕಾರಿನಲ್ಲಿ ಮುಂದಿನ ಸಲಾಕೆ ಇರಲಿಲ್ಲ. ಅದರ ಬದಲು, ಮುಂದಿನ ಟೈರುಗಳಲ್ಲಿ 15 ಪಿಎಸ್ಐ, ಹಿಂದಿನವುಗಳಲ್ಲಿ 26 ಪಿಎಸ್ಐ ಗಾಳಿ ಇರಬೇಕೆಂದು ಸೂಚಿಸಲಾಗಿತ್ತು. ಸಮತೋಲನವು ಮಾಲೀಕನ ನೆನಪನ್ನು ಅವಲಂಬಿಸಿತು. 1964ರ ಮಾದರಿಯಲ್ಲಿ ಸಲಾಕೆ ಸೇರಿತು; ಮರುವರ್ಷ ರಾಲ್ಫ್ ನೇಡರ್ ಅವರ ಪುಸ್ತಕ ಹಳೆಯ ಮಾದರಿಗಳನ್ನು ಕಟುವಾಗಿ ಟೀಕಿಸಿತು. ಅವು ಸಮಕಾಲೀನ ಕಾರುಗಳಿಗಿಂತ ಹೆಚ್ಚು ಅಪಾಯಕಾರಿಯಲ್ಲವೆಂದು 1972ರ ಸರ್ಕಾರಿ ವರದಿ ಹೇಳಿತಾದರೂ ಚರ್ಚೆ ಮುಗಿಯಲಿಲ್ಲ.

ಸಾಮಾನ್ಯ ಚಾಲಕನ ಕೈಯಲ್ಲಿ ಕಾರಿನ ಹಿಂಭಾಗ ಜಾರುವುದಕ್ಕಿಂತ ಮುಂಭಾಗ ಜಾರುವುದೇ ಲೇಸು. ಆದ್ದರಿಂದ ತಯಾರಕರು ಕಾರನ್ನು ಅಂಡರ್‌ಸ್ಟಿಯರ್‌ನತ್ತ ಒಲಿಸಿರುತ್ತಾರೆ. ಆಟೋಕ್ರಾಸ್ ಸ್ಪರ್ಧಿಗೆ ಬೇಕಾದದ್ದು ಬೇರೆ. ಅಮೆರಿಕದಲ್ಲಿ 1973ರಿಂದ ರಾಷ್ಟ್ರೀಯ ಸ್ಪರ್ಧೆಯಾಗಿ ಬೆಳೆದ ಈ ಆಟದಲ್ಲಿ, ವಿಶಾಲ ಮೈದಾನದ ಕೋನ್‌ಗಳ ನಡುವೆ ಕಾರನ್ನು ಥಟ್ಟನೆ ಹೊರಳಿಸಬೇಕು. ಕೋನ್ ಉರುಳಿದರೆ 2 ಸೆಕೆಂಡುಗಳ ದಂಡ. ಮುಂಚಕ್ರ ಚಾಲನೆಯ ಕಾರು ಹೊರಳಲು ಒಲ್ಲದಿದ್ದಾಗ ಸ್ಪರ್ಧಿಗಳು ಹಿಂದಿನ ಸಲಾಕೆಯನ್ನು ಬಿರುಸುಗೊಳಿಸುತ್ತಾರೆ.

ಸಲಾಕೆಯ ಬಿರುಸು ವ್ಯಾಸದ ನಾಲ್ಕನೆಯ ಘಾತದಂತೆ ಏರುತ್ತದೆ: 20 ಮಿ.ಮೀ. ಬದಲು 22 ಮಿ.ಮೀ. ಹಾಕಿದರೆ ಸುಮಾರು 46 ಪ್ರತಿಶತ ಹೆಚ್ಚು. ಹೊಂದಿಸಬಲ್ಲ ಸಲಾಕೆಯ ತೋಳಿನ ತುದಿಯಲ್ಲಿ ಎರಡು ಮೂರು ರಂಧ್ರಗಳಿರುತ್ತವೆ. ಕೊಂಡಿಯನ್ನು ಒಳಗಿನ ರಂಧ್ರಕ್ಕೆ ಸರಿಸಿದರೆ ತೋಳು ಕುಗ್ಗಿ ಬಿರುಸು ಹೆಚ್ಚುತ್ತದೆ. ಪರೀಕ್ಷೆಯ ಕ್ರಮ ಸರಳ, ಆದರೆ ಸಹನೆ ಬೇಡುತ್ತದೆ. ಅತಿ ಮೃದುವಾದ ರಂಧ್ರದಿಂದ ಆರಂಭಿಸಿ, ಎರಡೂ ಬದಿ ಸಮವಾಗಿ, ಒಮ್ಮೆಗೆ ಒಂದೇ ಹೆಜ್ಜೆ ಬದಲಿಸಬೇಕು. ಟೈರಿನ ಗಾಳಿ, ಇಂಧನ, ಚಾಲಕ ಬದಲಾಗಬಾರದು. ಒಂದೇ ವೃತ್ತವನ್ನು ಎಡಕ್ಕೂ ಬಲಕ್ಕೂ ಸುತ್ತಿ, ಬಳಿಕ ಕೋನ್‌ಗಳ ಸಾಲಿನಲ್ಲಿ ಓಡಿಸಬೇಕು. ಆಕ್ಸಿಲರೇಟರ್‌ನಿಂದ ಕಾಲೆತ್ತಿದೊಡನೆ ಹಿಂಭಾಗ ಕಿತ್ತುಕೊಂಡು ಹೋದರೆ, ಗಡಿಯಾರ ಏನೇ ಹೇಳಲಿ, ಒಂದು ರಂಧ್ರ ಹಿಂದೆ ಸರಿಯುವುದೇ ವಿವೇಕ.

ಮೈದಾನದಲ್ಲಿ ಜಾರಿದರೆ ಉರುಳುವುದು ಕೋನ್. ಅದೇ ಕಾರು ಸಂಜೆ ಮನೆಗೆ ಮರಳುತ್ತದೆ, ಮಳೆಗಾಲದಲ್ಲಿ ಘಾಟಿಯನ್ನೂ ಇಳಿಯುತ್ತದೆ. ತಯಾರಕರು ಉಳಿಸಿದ ಎಚ್ಚರವನ್ನು ಸ್ಪ್ಯಾನರ್‌ನಿಂದ ತೆಗೆದವರು, ರಸ್ತೆಗಿಳಿಯುವ ಮುನ್ನ ಅದೇ ಸ್ಪ್ಯಾನರ್‌ನಿಂದ ಮರಳಿಸಬೇಕು. ಆ ರಂಧ್ರಗಳಿರುವುದು ಅದಕ್ಕಾಗಿಯೂ ಹೌದು.