ಹುದೈಬಿಯಾದಲ್ಲಿ ಕಂಡ ಪೌರುಷ

ಬಿದ್ದು ಮೊಣಕಾಲು ತರಚಿಕೊಂಡು ಬಂದ ಬಾಲಕನಿಗೆ ನಾವು ಹೇಳುವ ಮೊದಲ ಮಾತು, ‘ಗಂಡುಮಗನಾಗಿ ಅಳುತ್ತೀಯಾ?’ ಎಂಬುದು. ಅವನೇ ಬೆಳೆದು, ಪತ್ನಿಯೊಡನೆ ಸಮಾಲೋಚಿಸಿ ಒಂದು ತೀರ್ಮಾನ ಕೈಗೊಂಡರೆ ‘ಹೆಂಡತಿಯ ಮಾತು ಕೇಳುವವನು’ ಎಂದು ಹಂಗಿಸುತ್ತೇವೆ. ಅಳದಿರುವುದು, ಮಣಿಯದಿರುವುದು, ಸಲಹೆ ಕೇಳದಿರುವುದು ಇವೇ ಪೌರುಷವೆಂಬ ಪಾಠವನ್ನು ನಾವು ಮನೆಯಲ್ಲೇ ಕಲಿಸುತ್ತಿದ್ದೇವೆ. ಈ ಪಾಠ ಕಲಿತವರ ಕೈಗೆ ಸೈನ್ಯ ಬಂದಾಗ ಏನಾಗುತ್ತದೆಂಬುದಕ್ಕೆ ಇತಿಹಾಸದಲ್ಲಿ ಸಾಕ್ಷ್ಯವಿದೆ.

ಅಮೆರಿಕದ ಅಧ್ಯಕ್ಷರಾಗಿದ್ದ ಲಿಂಡನ್ ಜಾನ್ಸನ್ 1964ರ ಮೇ ತಿಂಗಳಲ್ಲಿ ತಮ್ಮ ಸಲಹೆಗಾರರೊಡನೆ ನಡೆಸಿದ ದೂರವಾಣಿ ಸಂಭಾಷಣೆಯ ಧ್ವನಿಮುದ್ರಣ ಉಳಿದಿದೆ. ವಿಯೆಟ್ನಾಮ್ ಯುದ್ಧವು ಹೋರಾಡಲು ಯೋಗ್ಯವಾದುದೆಂದು ತಮಗೆ ತೋರುವುದಿಲ್ಲವೆಂದು ಅವರು ಅದರಲ್ಲಿ ಹೇಳುತ್ತಾರೆ. ಆದರೂ 1965ರ ಮಾರ್ಚ್‌ನಲ್ಲಿ ಅವರ ಭೂಸೇನಾ ತುಕಡಿಗಳು ಡಾನಾಂಗ್‌ನಲ್ಲಿ ಇಳಿದವು. 1968ರ ವೇಳೆಗೆ ಅಲ್ಲಿದ್ದ ಅಮೆರಿಕನ್ ಸೈನಿಕರ ಸಂಖ್ಯೆ ಐದು ಲಕ್ಷ ದಾಟಿತ್ತು. ಇದಕ್ಕೆ ಶೀತಲ ಸಮರದ ರಾಜಕೀಯವೂ ಕಾರಣವಾಗಿತ್ತು, ನಿಜ. ಆದರೆ ಯುದ್ಧದಿಂದ ಹಿಂದೆ ಸರಿದರೆ ಜನರು ತಮ್ಮನ್ನು ಹೇಡಿಯೆಂದು ಕಾಣುವರೆಂಬ ಭಯ ತಮ್ಮನ್ನು ಕಾಡುತ್ತಿತ್ತೆಂದು ಅಧಿಕಾರ ಬಿಟ್ಟ ಬಳಿಕ ಅವರೇ ತಮ್ಮ ಜೀವನಚರಿತ್ರೆ ಬರೆದ ಲೇಖಕಿಯೊಡನೆ ಹೇಳಿಕೊಂಡರು. ಆ ಯುದ್ಧದಲ್ಲಿ 58 ಸಾವಿರಕ್ಕೂ ಹೆಚ್ಚು ಅಮೆರಿಕನ್ನರೂ ಲಕ್ಷಾಂತರ ವಿಯೆಟ್ನಾಮೀಯರೂ ಪ್ರಾಣ ತೆತ್ತರು.

ಈಗ ಹಿಜರಿ 6ನೇ ವರ್ಷದ, ಅಂದರೆ ಕ್ರಿ.ಶ. 628ರ ಹುದೈಬಿಯಾದತ್ತ ನೋಡೋಣ. ಸುಮಾರು 1,400 ಅನುಚರರೊಂದಿಗೆ ಉಮ್ರಾ ನಿರ್ವಹಿಸಲು ಹೊರಟ ಪ್ರವಾದಿ ಮುಹಮ್ಮದ್(ಸ)ರನ್ನು ಕುರೈಶರು ಮಕ್ಕಾದ ಹೊರಗೇ ತಡೆದರು. ಒಪ್ಪಂದ ಪತ್ರದಲ್ಲಿ ‘ಅಲ್ಲಾಹನ ಸಂದೇಶವಾಹಕ’ ಎಂದು ಬರೆಯಲು ಕುರೈಶರ ಪ್ರತಿನಿಧಿ ಸುಹೈಲ್ ಬಿನ್ ಅಮ್ರ್ ಆಕ್ಷೇಪಿಸಿದನು. ಬರೆಯುತ್ತಿದ್ದ ಹಝ್ರತ್ ಅಲಿ(ರ)ರಿಗೆ ಆ ಪದಗಳನ್ನು ಅಳಿಸಲು ಮನಸ್ಸಾಗಲಿಲ್ಲ. ಪ್ರವಾದಿವರ್ಯರು(ಸ) ತಾವೇ ಅಳಿಸಿದರು. ಆ ವರ್ಷ ಉಮ್ರಾ ನಿರ್ವಹಿಸದೆ ಹಿಂದಿರುಗಬೇಕು, ಮಕ್ಕಾದಿಂದ ಓಡಿಬಂದವರನ್ನು ಮರಳಿಸಬೇಕು ಎಂಬ ಷರತ್ತುಗಳನ್ನೂ ಒಪ್ಪಿದರು. ಈ ಅಪಮಾನವನ್ನು ನಾವೇಕೆ ಸಹಿಸಬೇಕೆಂದು ಹಝ್ರತ್ ಉಮರ್(ರ)ರಂತಹ ಧೀರರೇ ನೊಂದು ಪ್ರಶ್ನಿಸಿದರು.

ಬಲಿಯರ್ಪಿಸಿ ತಲೆ ಬೋಳಿಸಿಕೊಳ್ಳಿರೆಂದು ಪ್ರವಾದಿವರ್ಯರು(ಸ) ಮೂರು ಬಾರಿ ಹೇಳಿದರೂ ದುಃಖದಲ್ಲಿ ಮುಳುಗಿದ್ದ ಅನುಚರರು ಮೇಲೇಳಲಿಲ್ಲ. ಆಗ ಅವರು ಡೇರೆಯೊಳಗೆ ಹೋಗಿ ಪತ್ನಿ ಉಮ್ಮು ಸಲಮಾ(ರ)ರಲ್ಲಿ ತಮ್ಮ ನೋವನ್ನು ತೋಡಿಕೊಂಡರು. ಯಾರೊಡನೆಯೂ ಮಾತನಾಡದೆ ಮೊದಲು ತಾವೇ ಬಲಿಯರ್ಪಿಸಿ, ತಲೆ ಬೋಳಿಸಿಕೊಳ್ಳಬೇಕೆಂದು ಆ ಮಹಿಳೆ ಸಲಹೆ ನೀಡಿದರು. ಪ್ರವಾದಿವರ್ಯರು(ಸ) ಹಾಗೆಯೇ ಮಾಡಿದರು. ಅದನ್ನು ಕಂಡ ಅನುಚರರೆಲ್ಲರೂ ಎದ್ದು ನಿಂತರು. ಸೋಲೆಂದು ತೋರಿದ ಆ ಒಪ್ಪಂದವನ್ನು ಪವಿತ್ರ ಕುರ್‌ಆನ್ ಸ್ಪಷ್ಟ ವಿಜಯವೆಂದು ಕರೆಯಿತು. ಎರಡು ವರ್ಷಗಳ ಬಳಿಕ ಮಕ್ಕಾ ವಿಜಯವಾದಾಗ ಹಳೆಯ ಶತ್ರುಗಳಿಗೆ ಕ್ಷಮೆ ದೊರೆಯಿತು.

ಒಬ್ಬರು ‘ಹೇಡಿ’ ಎಂಬ ಒಂದು ಪದಕ್ಕೆ ಅಂಜಿ ಯುದ್ಧವನ್ನು ಬೆಳೆಸಿದರು. ಇನ್ನೊಬ್ಬರು ತಮ್ಮ ಪದವಿಯ ಹೆಸರನ್ನೇ ಅಳಿಸಿ ರಕ್ತಪಾತವನ್ನು ತಡೆದರು. ಈ ಎರಡರಲ್ಲಿ ಹೆಚ್ಚಿನ ಧೈರ್ಯ ಬೇಡುವುದು ಯಾವುದೆಂದು ನಾವು ಯೋಚಿಸಬೇಕಾಗಿದೆ.

ಆ ಡೇರೆಯ ನಡವಳಿಕೆ ಅಂದಿನ ಒಂದು ದಿನಕ್ಕೆ ಸೀಮಿತವಾಗಿರಲಿಲ್ಲ. ಪ್ರವಾದಿವರ್ಯರು(ಸ) ಮನೆಯಲ್ಲಿ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರೆಂದೂ ಮಹಿಳೆಯರ ಮೇಲಾಗಲಿ, ಸೇವಕರ ಮೇಲಾಗಲಿ ಎಂದೂ ಕೈಯೆತ್ತಲಿಲ್ಲವೆಂದೂ ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಕಂದ ಇಬ್ರಾಹೀಮ್ ಕೊನೆಯುಸಿರೆಳೆಯುವಾಗ ಅವರು ಅನುಚರರ ಮುಂದೆಯೇ ಕಣ್ಣೀರಿಟ್ಟರು. ಕುಸ್ತಿಯಲ್ಲಿ ಎದುರಾಳಿಯನ್ನು ಕೆಡಹುವವನಲ್ಲ, ಕೋಪ ಬಂದಾಗ ತನ್ನನ್ನು ಹತೋಟಿಯಲ್ಲಿಡುವವನೇ ಬಲಶಾಲಿ ಎಂಬುದು ಅವರ ಬೋಧನೆ.

ಆದುದರಿಂದ ಅಳುವ ಬಾಲಕನನ್ನು ಗದರಿಸುವ ಮುನ್ನ, ಪತ್ನಿಯ ಸಲಹೆಯನ್ನು ತಳ್ಳಿಹಾಕುವ ಮುನ್ನ ಹುದೈಬಿಯಾದ ಆ ಡೇರೆಯನ್ನು ನೆನೆಯೋಣ. ನಮ್ಮ ಗಂಡುಮಕ್ಕಳು ಪೌರುಷವನ್ನು ಮೊದಲು ಕಲಿಯುವುದು ನಮ್ಮ ನಡವಳಿಕೆಯಿಂದಲೇ.