ಶಾಸನದ ಮಾತು, ಅರ್ಥದ ಮಾತು: ಪಾತ್ರಕ್ರೀಡೆಯ ಇತಿಹಾಸಕ್ಕೊಂದು ಪೀಠಿಕೆ

ಐಹೊಳೆಯ ಮೇಗುಟಿ ಜಿನಾಲಯದ ಗೋಡೆಯಲ್ಲಿರುವ ಶಾಸನವು ಶಕವರ್ಷ 556ರಲ್ಲಿ, ಎಂದರೆ ಕ್ರಿ.ಶ. 634-35ರಲ್ಲಿ, ರಚಿತವಾದುದು. ಅದರ ಕರ್ತೃ ರವಿಕೀರ್ತಿ. ಇಮ್ಮಡಿ ಪುಲಕೇಶಿಯ ದಿಗ್ವಿಜಯಗಳಿಗೆ ಅದು ಪ್ರಧಾನ ಆಧಾರ. ಉತ್ತರಾಪಥದ ಹರ್ಷನು ಅಲ್ಲಿ ತನ್ನ ಹರ್ಷವನ್ನು ಕಳೆದುಕೊಳ್ಳುತ್ತಾನೆ. ಪಲ್ಲವ ದೊರೆಯು ಕಂಚಿಯ ಕೋಟೆಯ ಮರೆಯನ್ನು ಸೇರುತ್ತಾನೆ. ಆದರೆ ಇವರಿಬ್ಬರಲ್ಲಿ ಯಾರೂ ಅಲ್ಲಿ ಒಂದು ಮಾತನ್ನೂ ಆಡುವುದಿಲ್ಲ. ಪಲ್ಲವರ ಉತ್ತರವು ಚಾಲುಕ್ಯರ ನೆಲದಲ್ಲಿ ಕಲ್ಲನ್ನೇರಬೇಕಾದರೆ, ಒಂದನೆಯ ನರಸಿಂಹವರ್ಮನು ಸುಮಾರು 642ರಲ್ಲಿ ಬಾದಾಮಿಯನ್ನೇ ಗೆದ್ದು ಅಲ್ಲಿಯ ಬಂಡೆಯಲ್ಲಿ ತನ್ನ ಶಾಸನವನ್ನು ಕೊರೆಯಿಸಬೇಕಾಯಿತು. ಪ್ರಶಸ್ತಿಯಲ್ಲಿ ಸೋತವನಿಗೆ ಬಾಯಿಲ್ಲ. ಅಂಥವನಿಗೆ ಬಾಯಿ ಕೊಡುವ ಒಂದು ಬಗೆಯ ಆಟವನ್ನು ಇತಿಹಾಸದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶವಾಗಿದೆ.

ಬೇರೆ ಬೇರೆ ಊರುಗಳಲ್ಲಿರುವ ಗೆಳೆಯರು ಅಂತರ್ಜಾಲದಲ್ಲಿ ಕೂಡಿ, ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿ, ಬರಹದ ಮೂಲಕವೇ ಕಥೆಯನ್ನು ನಡೆಸುವ ಆಟವು ಇಂದು ತರುಣರಲ್ಲಿ ಪರಿಚಿತವಾಗಿದೆ. ಅವರಲ್ಲಿ ಒಬ್ಬನು ಸನ್ನಿವೇಶವನ್ನು ಒಡ್ಡುತ್ತಾನೆ, ನಿಯಮಗಳನ್ನು ಕಾಯುತ್ತಾನೆ. ಉಳಿದವರು ತಮ್ಮ ತಮ್ಮ ಪಾತ್ರದ ಮಾತನ್ನೂ ಕೃತಿಯನ್ನೂ ಬರೆಯುತ್ತಾರೆ. ಇದರ ಮೂಲವು ಎರಡು ಕಡೆ ಇದೆ. ಅಮೆರಿಕದಲ್ಲಿ 1974ರಲ್ಲಿ ಗೇರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬವರು ಪ್ರಕಟಿಸಿದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಮೇಜಿನ ಆಟವು ಮೊದಲನೆಯದು. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಷಾ ಆರಂಭಿಸಿ ರಿಚರ್ಡ್ ಬಾರ್ಟಲ್ ಮುಂದುವರಿಸಿದ ‘ಮಡ್’ ಎಂಬ ಗಣಕಯಂತ್ರದ ಆಟವು ಎರಡನೆಯದು. ಅದರಲ್ಲಿ ಚಿತ್ರವಿರಲಿಲ್ಲ, ಅಕ್ಷರವೇ ರಂಗಸ್ಥಳವಾಗಿತ್ತು. ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲವು ತೆರೆದದ್ದು 1995ರ ಆಗಸ್ಟ್ 15ರಂದು.

ಆದಕಾರಣ ಈ ಆಟವು ಕನ್ನಡಿಗರಿಗೆ ಹೊರಗಿನಿಂದ ಬಂದುದೆಂದು ತೋರುವುದು ಸಹಜ. ಯಂತ್ರದ ಮಟ್ಟಿಗೆ ಇದು ನಿಜ. ಆಟದ ರಚನೆಯ ಮಟ್ಟಿಗೆ ಮಾತ್ರ ನಿಜವಲ್ಲ. ಕರಾವಳಿಯ, ಮಲೆನಾಡಿನ ಹಾಗೂ ಕಾಸರಗೋಡಿನ ತಾಳಮದ್ದಳೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪ್ರಸಂಗದ ಪದ್ಯಗಳು ಮಾತ್ರ ಲಿಖಿತವಾದವು. ಭಾಗವತನು ಪದ್ಯವನ್ನು ಹಾಡುತ್ತಾನೆ. ಅರ್ಥಧಾರಿಗಳು ಕುಳಿತಲ್ಲಿಯೇ ಪಾತ್ರವಾಗಿ ಅದರ ಅರ್ಥವನ್ನು ಆಗಿಂದಾಗ್ಗೆ ಕಟ್ಟಿ ಹೇಳುತ್ತಾರೆ. ಎದುರಾಳಿಯು ಏನು ಕೇಳುವನೆಂಬುದು ಮೊದಲೇ ತಿಳಿದಿರುವುದಿಲ್ಲ. ಚರ್ಚೆಯು ಹಳಿ ತಪ್ಪಿದಾಗ ಭಾಗವತನು ಮುಂದಿನ ಪದ್ಯವನ್ನೆತ್ತಿ ಕಥೆಯನ್ನು ದಾರಿಗೆ ತರುತ್ತಾನೆ. ಗೆಳೆಯರ ಆಟದಲ್ಲಿ ನಿರ್ವಾಹಕನ ಸ್ಥಾನವು ಇದೇ.

ಆದರೂ ಒಂದು ಭೇದವನ್ನು ಮರೆಯಬಾರದು. ಮೇಲೆ ಹೇಳಿದ ಮೇಜಿನ ಆಟದಲ್ಲಿ ಫಲವು ದಾಳದ ಕೈಯಲ್ಲಿದೆ; ಕಥೆ ಎಲ್ಲಿ ಮುಗಿಯುವುದೆಂದು ಯಾರಿಗೂ ತಿಳಿಯದು. ತಾಳಮದ್ದಳೆಯಲ್ಲಿ ಫಲವು ನಿಶ್ಚಿತ. ವಾಲಿಯು ಸಾಯಲೇಬೇಕು. ಆದರೆ ಮರೆಯಲ್ಲಿ ನಿಂತು ಬಾಣ ಬಿಟ್ಟುದು ಯಾವ ಧರ್ಮವೆಂದು ಆತನು ರಾಮನನ್ನು ಪ್ರಶ್ನಿಸಬಹುದು. ಸಮರ್ಥನಾದ ಅರ್ಥಧಾರಿಯಿದ್ದರೆ ಸಭೆಯು ವಾಲಿಯ ಕಡೆಗೆ ವಾಲುವುದೂ ಉಂಟು. ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ಹೆಸರಾದುದು ಇಂತಹ ಪ್ರತಿಪಕ್ಷದ ಪಾತ್ರಗಳಿಂದಲೇ. ಘಟನೆ ಬದಲಾಗದು, ಅದರ ಮೇಲಿನ ತೀರ್ಪು ಬದಲಾಗಬಹುದು ಎಂಬುದೇ ಈ ಕಲೆಯ ತಿರುಳು.

ಐಹೊಳೆಯ ಸೀಮೆಯಲ್ಲಿ ತಾಳಮದ್ದಳೆಯ ರೂಢಿಯಿಲ್ಲ. ಆದರೆ ಬಾಗಲಕೋಟೆ, ಬೆಳಗಾವಿ ಪ್ರಾಂತದ ಶ್ರೀಕೃಷ್ಣಪಾರಿಜಾತವು ಇದೇ ಗುಣವುಳ್ಳದ್ದು. ಹಾಡು ಕಟ್ಟಿದ್ದು, ನಡುನಡುವಿನ ಗದ್ಯದ ಮಾತು ಬಹುಮಟ್ಟಿಗೆ ಆಶುವಾದುದು. ಭಾಗವತನು ತಾನೂ ಮಾತಿಗಿಳಿದು ಪಾತ್ರಗಳನ್ನು ಕೆಣಕುತ್ತಾನೆ. ಹೂವು ರುಕ್ಮಿಣಿಯ ಪಾಲಾಯಿತು. ಮಾತಿನ ಪಾಲು ಮಾತ್ರ ಮುನಿದ ಸತ್ಯಭಾಮೆಗೆ ದೊರೆಯಿತು.

ಇಂತಹ ಮಾತುಗಳ ಬಹುಭಾಗವು ಇಂದು ನಮಗೆ ದೊರೆಯುವುದಿಲ್ಲ. ಪ್ರಸಂಗದ ಓಲೆಗಳು ಉಳಿದವು. ಧ್ವನಿಮುದ್ರಣವು ಬರುವ ಮುನ್ನ ಆಡಿದ ಅರ್ಥವು ಆ ರಾತ್ರಿಯೊಂದಿಗೇ ಮುಗಿಯಿತು. ನಮ್ಮ ಪೂರ್ವಿಕರು ರಾಮನನ್ನು ಕುರಿತು, ಕೃಷ್ಣನನ್ನು ಕುರಿತು ಯಾವ ಯಾವ ಸಂದೇಹಗಳನ್ನು ಬಹಿರಂಗವಾಗಿ ಎತ್ತುತ್ತಿದ್ದರೆಂಬುದಕ್ಕೆ ಅದಕ್ಕಿಂತ ಉತ್ತಮವಾದ ಸಾಕ್ಷ್ಯವು ಬೇರೆ ಇರಲಾರದು. ಬರಹದ ಆಟದಲ್ಲಿಯಾದರೋ ಆಡಿದ ಮಾತೇ ದಾಖಲೆ. ಆದರೂ ಅದನ್ನು ತೆಗೆದಿಡುವವರು ವಿರಳ. ಸುಲಭವಾಗಿ ಉಳಿಯುವ ವಸ್ತುವು ತಾನಾಗಿ ಉಳಿಯುವುದೆಂಬ ನಂಬಿಕೆಯು ಹಲವು ದಫ್ತರಗಳನ್ನು ಹಾಳುಮಾಡಿದೆ.

ಕಾಲೇಜುಗಳಲ್ಲಿ ಈ ಆಟಕ್ಕೆ ಉಪಯುಕ್ತವಾದ ಸ್ಥಾನವಿದೆಯೆಂದು ನಾವು ಭಾವಿಸುತ್ತೇವೆ. ಮೇಗುಟಿ ಶಾಸನವನ್ನೇ ಪ್ರಸಂಗವಾಗಿಟ್ಟುಕೊಂಡು, ವಿದ್ಯಾರ್ಥಿಗಳು ಪುಲಕೇಶಿ, ಹರ್ಷ, ಪಲ್ಲವ, ರವಿಕೀರ್ತಿ ಇವರ ಪಾತ್ರಗಳನ್ನು ವಹಿಸಬಹುದು. ಅಧ್ಯಾಪಕನು ಭಾಗವತನಾಗಿರಲಿ. ಯುದ್ಧದ ಫಲವನ್ನು ಬದಲಿಸಕೂಡದು. ಹರ್ಷನ ಮಾತಿಗೆ ಬಾಣನ ಹರ್ಷಚರಿತವನ್ನೋ ಹ್ಯೂಯೆನ್‌ತ್ಸಾಂಗನ ವೃತ್ತಾಂತವನ್ನೋ ಆಧಾರವಾಗಿ ತೋರಿಸತಕ್ಕದ್ದು. ಆಧಾರವಿಲ್ಲದ ಮಾತನ್ನು ಕಲ್ಪನೆಯೆಂದು ಗುರುತಿಸತಕ್ಕದ್ದು. ಹೀಗೆ ಆಡಿದ ಮಾತು ಇತಿಹಾಸವಾಗದು. ಆದರೆ ಶಾಸನವನ್ನು ಓದುವಾಗ ಅಲ್ಲಿ ಯಾರ ಮಾತಿಲ್ಲವೆಂದು ಕೇಳುವ ಅಭ್ಯಾಸವು ಅದರಿಂದ ಬರುತ್ತದೆ. ಆ ಪ್ರಶ್ನೆಯನ್ನು ಕೇಳದ ಓದುಗನು ರವಿಕೀರ್ತಿಯ ಶ್ರೋತೃವಾಗಬಲ್ಲನೇ ಹೊರತು ಇತಿಹಾಸಕಾರನಾಗಲಾರನು.